ಸಾಬ್ರಾ ಕಲಿತ ಕುಂಟು

ಸಾಬ್ರಾಳ ಕುಂಟು ಹುಟ್ಟಿನಿಂದ ಬಂದದ್ದಲ್ಲ, ಬಿದ್ದು ಬಂದದ್ದೂ ಅಲ್ಲ; ಬೇಕೆಂದೇ ಬರಮಾಡಿಕೊಂಡದ್ದು. ಅದಕ್ಕೂ ಮೊದಲು ಮಿಸಿಸಿಪ್ಪಿಯ ನಮ್ಮ ಗುಲಾಮರ ಕೇರಿಯಲ್ಲಿ ಅವಳ ನಡಿಗೆಯೇ ಒಂದು ಸೊಗಸು. ತಲೆಯ ಮೇಲೆ ಒಗೆದ ಬಟ್ಟೆಯ ಗಂಟು, ಬೀಸುವ ಕೈಗಳೆರಡೂ ಖಾಲಿ. ಕತ್ತು ಅಲುಗದ ಆ ಗಾಂಭೀರ್ಯಕ್ಕೆ ಚಾಟಿ ಹಿಡಿದ ಮೇಲ್ವಿಚಾರಕನೂ ತನಗರಿವಿಲ್ಲದೆ ದಾರಿ ಬಿಡುತ್ತಿದ್ದ.

ಧಣಿ ಹ್ಯಾಸ್ಕೆಟ್ ಹೊಲ, ಹೇಸರಗತ್ತೆಗಳ ಜೊತೆ ನಮ್ಮನ್ನೂ ಬ್ಯಾಂಕಿಗೆ ಅಡವಿಟ್ಟಿದ್ದ. ಸಾಲ ತೀರಲಿಲ್ಲ, ಬ್ಯಾಂಕು ದಾವೆ ಹೂಡಿತು. ಧಣಿಯೆಲ್ಲಿ ನಮ್ಮನ್ನು ಬ್ಯಾಂಕಿನ ಕೈಗೆಟುಕದ ದೂರದ ಟೆಕ್ಸಸ್ಸಿಗೆ ಸಾಗಿಸಿಬಿಡುತ್ತಾನೋ ಎಂದು ನ್ಯಾಯಾಧೀಶರು ಸಮಸ್ತವನ್ನೂ ಕೋರ್ಟಿನ ವಶಕ್ಕೆ ತೆಗೆದುಕೊಂಡು ಅದನ್ನು ನೋಡಿಕೊಳ್ಳಲು ಒಬ್ಬ ರಿಸೀವರನನ್ನು ನೇಮಿಸಿದರು. ಆತ ವರ್ಷಾರಂಭಕ್ಕೆ ನಮ್ಮನ್ನು ಊರವರಿಗೆ ಬಾಡಿಗೆಗೆ ಹಂಚುತ್ತಿದ್ದ. ದುಡಿಮೆ ನಮ್ಮದು, ಬಾಡಿಗೆ ಕೋರ್ಟಿನದು. ಆದರೆ ವ್ಯಾಜ್ಯ ಮುಗಿಯುವವರೆಗೆ ಯಾರನ್ನೂ ಮಾರುವಂತಿರಲಿಲ್ಲ. ಇದರ ಮರ್ಮವನ್ನು ಮೊದಲು ಅರಿತವಳು ಸಾಬ್ರಾ. ಭಾನುವಾರದ ಪ್ರಾರ್ಥನೆಯಲ್ಲಿ ಎರಡೂ ಕಡೆಯ ವಕೀಲರ ಆಯುರಾರೋಗ್ಯಕ್ಕೆ ಮೊರೆಯಿಡುತ್ತಿದ್ದಳು.

"ಆ ಕಳ್ಳರಿಗ್ಯಾಕೇ ಪ್ರಾರ್ಥನೆ?" ಎಂದು ಗಂಡ ಪ್ರೈಮಸ್ ರೇಗಿಸುತ್ತಿದ್ದ.

"ಅವರು ಕಿತ್ತಾಡ್ತಿರೋವರೆಗೆ ನಮ್ಮ ಮಗಳು ಕಣ್ಣಿಗೆ ಬೀಳ್ತಾಳೆ. ಬಾಯಿ ಮುಚ್ಕೊಂಡು ನೀನೂ ಮಂಡಿಯೂರು."

ದೇವರು ವಕೀಲರಿಗೆ ಆರೋಗ್ಯವನ್ನೇನೋ ಕೊಟ್ಟ. ಆದರೆ ಒಂದು ಚಳಿಗಾಲ ಕಕ್ಷಿದಾರರು ರಾಜಿಯಾದರು. ಸಾಲ ತೀರಿಸಲು ನ್ಯಾಯಾಲಯದ ಮೆಟ್ಟಿಲ ಮೇಲೆ ನಮ್ಮ ಹರಾಜು.

ಮೊದಲು ಮಗಳು ಮಿಂಟಿ. ಅವಳನ್ನು ಕೊಂಡವನು ಅದೇ ಊರಿನಲ್ಲಿ ವಸತಿಗೃಹ ನಡೆಸುತ್ತಿದ್ದ ಕೋರ್ಬಿನ್. ಬಟ್ಟೆ ಒಗೆಯುವವಳೂ ಅವನಿಗೆ ಬೇಕಾಗಿದ್ದಳು, ಆದರೆ ಕೈ ಬಿಗಿ. ಆಮೇಲೆ ಪ್ರೈಮಸ್, ಟೆಕ್ಸಸ್ಸಿನತ್ತ ಹೊರಟಿದ್ದ ಗುಲಾಮರ ವ್ಯಾಪಾರಿಯೊಬ್ಬನಿಗೆ. ಹೆಂಡತಿ ಜೊತೆಗಿದ್ದರೆ ಆಳು ಓಡಿಹೋಗುವುದಿಲ್ಲ, ಅವಳನ್ನೂ ಎಷ್ಟಾದರೂ ಕೊಟ್ಟು ಕೊಳ್ಳುತ್ತೇನೆ ಎಂದು ಆ ವ್ಯಾಪಾರಿ ಎಲ್ಲರಿಗೂ ಕೇಳುವಂತೆ ಹೇಳಿದ.

ಹೆಸರು ಕೂಗಿದಾಗ ಸಾಬ್ರಾ ಎಡಗಾಲೆಳೆಯುತ್ತ ಮೆಟ್ಟಿಲು ಹತ್ತಿದಳು.

"ನಿನ್ನೆ ಸರಿಯಾಗೇ ನಡೀತಿದ್ದೆಯಲ್ಲೇ!" ರಿಸೀವರ್ ಗದರಿದ.

ವ್ಯಾಪಾರಿ ಪ್ರೈಮಸ್‌ನತ್ತ ತಿರುಗಿದ. "ಏನೋ, ನಿನ್ನ ಹೆಂಡ್ತಿ ನಾಟಕ ಆಡ್ತಿದ್ದಾಳಾ?"

ಪ್ರೈಮಸ್ ಅವಳನ್ನು ನೋಡಿದ. ಕೋರ್ಬಿನ್ನನ ಬಂಡಿಯ ಪಕ್ಕ ನಿಂತಿದ್ದ ಮಗಳನ್ನು ನೋಡಿದ. 'ಹೌದು' ಎಂದಿದ್ದರೆ ಹೆಂಡತಿ ಅವನೊಂದಿಗೇ ವ್ಯಾಪಾರಿಯ ಬಂಡಿ ಹತ್ತುತ್ತಿದ್ದಳು.

"ಇಲ್ಲ ಧಣಿ. ಆ ಕಾಲು ಹಳೇದು. ಚಳಿ ಬಿದ್ರೆ ಏಳೋಕೇ ಆಗಲ್ಲ. ಸಾಹೇಬ್ರಿಗೆ ಹೆದ್ರಿ ಮುಚ್ಚಿಟ್ಟಿದ್ಲು." ಆಮೇಲೆ ಅವಳ ಮೇಲೆಯೇ ಸಿಡುಕಿದ: "ಕಂಬ ಹಿಡ್ಕೊಳ್ಳೇ, ದರಿದ್ರದವಳೇ, ಬಿದ್ದೀಯ!"

ಆ ಗಂಡಹೆಂಡಿರ ನಡುವಿನ ಕೊನೆಯ ಮಾತು ಅದೇ. ವ್ಯಾಪಾರಿ ಹಿಂದೆ ಸರಿದ. ಕೂತು ಬಟ್ಟೆ ಒಗೆದರೆ ಸಾಕೆಂದು ಕೋರ್ಬಿನ್ ಅವಳನ್ನು ಅಗ್ಗಕ್ಕೆ ಕೊಂಡ.

ಅಂದಿನಿಂದ ಅವಳು ಕುಂಟುತ್ತಲೇ ಬದುಕಿದಳು. ಯಾರಿಲ್ಲದಾಗಲೂ, ಯಾರಾದರೂ ಇದ್ದಾರೆಂಬಂತೆ. ಗುಲಾಮರ ಬಿಡುಗಡೆಯ ಸುದ್ದಿ ಬಂದ ದಿನ ಅಂಗಳದ ನಡುವೆ ನಿಂತು ಮೊದಲಿನಂತೆ ನಡೆಯಲು ನೋಡಿದಳು. ಸೊಂಟ ಒಪ್ಪಲಿಲ್ಲ. ಮಿಂಟಿ ಕೈಹಿಡಿಯಲು ಓಡಿಬಂದಳು.

"ಬಿಡೇ," ಎಂದಳು ಸಾಬ್ರಾ, "ನಿಮ್ಮಪ್ಪ ಹೇಳಿದ್ದು ನಿಜವಾಯ್ತು."

ಇಂಥವರನ್ನು ಸುಳ್ಳರೆಂದು ಕರೆಯಲು ನನಗೆ ನಾಲಗೆ ಏಳುವುದಿಲ್ಲ. ಮನುಷ್ಯರಿಗೆ ಬೆಲೆ ಕಟ್ಟುವುದನ್ನೇ ನ್ಯಾಯವೆಂದು ಕರೆದ ನಾಡಿನಲ್ಲಿ, ಹೆತ್ತದ್ದನ್ನು ಉಳಿಸಿಕೊಳ್ಳಬೇಕಾದವರು ಮೊದಲು ತಮ್ಮ ಬೆಲೆಯನ್ನು ತಾವೇ ಕೆಡಿಸಿಕೊಳ್ಳಬೇಕಾಗಿತ್ತು. ಕೆಡಿಸಿಕೊಂಡದ್ದನ್ನು ಮರಳಿಸುವ ಯಾವ ಕೋರ್ಟೂ ಆಮೇಲೆ ಕೂಡಲಿಲ್ಲ.