ಕಡಲಿಗೆ ಬೆನ್ನು ಹಾಕಿದ ಗೋಡೆ

ಸುತ್ತಿಗೆಯ ಮೂರನೇ ಏಟಿಗೆ ಗೋಡೆಯ ಸುಣ್ಣವೆಲ್ಲ ಅತ್ತೆಯ ಹಾಸಿಗೆಯ ಮೇಲೆ ಉದುರಿತು.

"ಲೋ, ನನ್ನ ಇಲ್ಲೇ ಹೂತು ಹಾಕ್ತೀಯೇನೋ?" ಅಂದರು ಅತ್ತೆ.

"ಆಯ್ತಮ್ಮ, ಮೆಲ್ಲಗೆ ಹೊಡೀತೀನಿ," ಅಂದರು ನಮ್ಮವರು.

ನಾನು ಪಾತ್ರೆಗಳ ಮೇಲೆ ಹಳೆ ಸೀರೆ ಹೊದಿಸುತ್ತಿದ್ದೆ. ಇನ್ನೆರಡು ಏಟು. ಒಂದು ಕಲ್ಲು ಹೊರಗಡೆಗೆ ಬಿತ್ತು. ಅಂಗೈಯಗಲದ ತೂತಿನಿಂದ ಬೆಳಕು ಕೋಲಿನ ಹಾಗೆ ಒಳಗೆ ನುಗ್ಗಿ ಎದುರುಗೋಡೆಗೆ ತಾಗಿತು. ಹದಿನಾರು ವರ್ಷದಿಂದ ಆ ಗೋಡೆ ಇಷ್ಟು ಕೊಳಕಾಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ.

"ಸಮುದ್ರ ಕಾಣುತ್ತೇನ್ರೀ?"

ನಮ್ಮವರು ತೂತಿಗೆ ಕಣ್ಣಿಟ್ಟರು. "ಏನೋ ನೀಲಿ ಕಾಣ್ತಿದೆ."

"ಅದು ಇವಳು ಬೆಳಿಗ್ಗೆ ಒಗೆದುಹಾಕಿದ ಲಾಡ್ಜಿನ ಟವೆಲ್ಲು ಕಣೋ," ಅಂದರು ಅತ್ತೆ. ಮೂವರೂ ನಕ್ಕೆವು. ಆ ಕೋಣೆಯಲ್ಲಿ ನಾವು ಹಾಗೆ ನಕ್ಕದ್ದು ಕಡಿಮೆ.

ನಮ್ಮದು ಆರು ಕೋಣೆಗಳ ಸಾಲುಮನೆ. ಕಡಲಿಗೆ ನೂರು ಹೆಜ್ಜೆ. ಆದರೆ ಕಡಲ ಕಡೆಗೆ ಒಂದಕ್ಕೂ ಕಿಟಕಿ ಇರಲಿಲ್ಲ. ಕಟ್ಟಿದವರು ದೋಣಿ ಎಳೆಯುವ ಜನ. ಉಪ್ಪುಗಾಳಿ ಬಾಗಿಲ ಕೀಲನ್ನೂ ಬಿಡದೆ ತಿನ್ನುತ್ತದೆ ಅಂತ ಅವರಿಗೆ ಗೊತ್ತಿತ್ತು. ಅದೂ ಅಲ್ಲದೆ, ಹಗಲೆಲ್ಲ ದುಡಿಸಿಕೊಂಡ ಕಡಲಿನ ಮುಖವನ್ನು ಮನೆಗೆ ಬಂದ ಮೇಲೂ ಯಾರು ನೋಡುತ್ತಾರೆ? ಆಗ ಉಳ್ಳವರೆಲ್ಲ ಮೇಲೆ ಪೇಟೆಯಲ್ಲಿದ್ದರು. ಮರಳಿನ ಹತ್ತಿರ ಇದ್ದವರು ನಾವೇ, ಬೇರೆ ಯಾರಿಗೂ ಬೇಡವಾದ ಜಾಗ ಅಂತ. ಆಮೇಲೆ ಲಾಡ್ಜುಗಳು ಬಂದವು. ಬಿಸಿಲಿಗೆ ಮೈಯೊಡ್ಡಿ ಮಲಗುವುದಕ್ಕೆ ಜನ ದುಡ್ಡು ಕೊಡುತ್ತಾರೆ ಅಂತ ಊರಿಗೆ ಗೊತ್ತಾಯಿತು.

ಕಿಟಕಿಯ ಮಾತೆತ್ತಿದ್ದು ಮನೆ ಧಣಿ. ಬಾಡಿಗೆ ವಸೂಲಿಗೆ ಬಂದವನು ಅತ್ತೆಯ ಕೆಮ್ಮು ಕೇಳಿ ಬಾಗಿಲಲ್ಲೇ ನಿಂತ.

"ಛೆ, ಮುದುಕಿಗೆ ಉಸಿರಾಡೋಕೆ ಗಾಳಿ ಬೇಡ್ವೇನಯ್ಯಾ? ನೀನೇ ಗಾರೆ ಕೆಲಸದವನು. ಒಂದು ಕಿಟಕಿ ಒಡ್ಕೊ. ಚೌಕಟ್ಟು ನಾನು ಕೊಡ್ತೀನಿ."

"ಆಯ್ತು ಧಣಿ," ಅಂದರು ನಮ್ಮವರು.

ಅವರು ಎಲ್ಲದಕ್ಕೂ ಆಯ್ತು ಅನ್ನುವವರೇ. ಸಾಲಿನಲ್ಲೆಲ್ಲ ಅವರ ಹೆಸರೇ ಆಯ್ತಪ್ಪ. ನನ್ನನ್ನು ನೋಡಲು ಬಂದಾಗ, "ಹುಡುಗಿ ಒಪ್ಪಿಗೇನಾ?" ಅಂತ ನಮ್ಮ ಸೋದರಮಾವ ಕೇಳಿ ಮುಗಿಸುವ ಮೊದಲೇ ಆಯ್ತು ಅಂದಿದ್ದರಂತೆ. ನನ್ನ ಮುಖ ಆಮೇಲೆ ನೋಡಿದರಂತೆ.

ಚೌಕಟ್ಟು ಬಂತು. ಇಬ್ಬರು ಹೊತ್ತು ತಂದರು. ಮಂಚದಷ್ಟು ಅಗಲ, ಪೂರ್ತಿ ಗಾಜು.

"ಧಣಿ, ಇಷ್ಟು ದೊಡ್ಡದಾ?"

"ಗಾಳಿಗೇನಯ್ಯಾ ಚಿಕ್ಕದು ದೊಡ್ಡದು?"

"ಕಟ್ಟಿದವರಿಗೆ ಬುದ್ಧಿ ಇರಲಿಲ್ವಾ?" ಅಂದರು ಅತ್ತೆ. ನಾನೇ ಅವರ ಬಾಯಿ ಮುಚ್ಚಿಸಿದೆ. ನನಗೆ ಕಿಟಕಿ ಬೇಕಿತ್ತು. ಸುಳ್ಳು ಹೇಳುವುದಿಲ್ಲ, ತುಂಬಾ ಬೇಕಿತ್ತು.

ಎರಡು ಭಾನುವಾರ ನಮ್ಮವರು ಕೂಲಿಯಿಲ್ಲದೆ ಕೆಲಸ ಮಾಡಿದರು. ತೂಗುಗುಂಡು ಇಳಿಬಿಟ್ಟು, ಕೂದಲೆಳೆಯಷ್ಟೂ ವಾಲದ ಹಾಗೆ ಕೂರಿಸಿದರು. ಬರೀ ನೀರು ಅಂತ ಬೈಯುತ್ತಲೇ ಅತ್ತೆ ಸ್ಟೂಲು ಎಳೆದುಕೊಂಡು ಅಲ್ಲಿ ಕೂತರು. ಮಾರನೇ ದಿನವೂ ಕೂತರು. ವಾರ ಕಳೆಯುವಷ್ಟರಲ್ಲಿ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಕೆಮ್ಮು ಇಳಿಯಿತು.

"ಏನತ್ತೆ, ಬರೀ ನೀರು ಅಂತಿದ್ರಿ?"

"ಈಗಲೂ ನೀರೇ. ಸುಮ್ನೆ ನೋಡ್ತೀನಿ, ನಿನಗೇನು?"

ಒಂದು ದಿನ ಧಣಿಯ ಜೊತೆ ಕ್ಯಾಮೆರಾದವನು ಬಂದ. ನಮ್ಮ ಪಾತ್ರೆ, ಹಾಸಿಗೆ ಎಲ್ಲ ಹೊರಗಿಟ್ಟರು. ಬಿಳಿ ಪರದೆ ಕಟ್ಟಿ, ಕಿಟಕಿಯ ಪಕ್ಕ ಬೆತ್ತದ ಕುರ್ಚಿ ಹಾಕಿದರು.

"ಅಜ್ಜಿ, ಸ್ವಲ್ಪ ಆ ಕಡೆ. ನಿಮ್ಮ ನೆರಳು ಬೀಳ್ತಿದೆ."

ಅತ್ತೆ ಸ್ಟೂಲು ಹಿಡಿದುಕೊಂಡು ಸರಿದರು. "ಯಾರ ಮನೆಯವರಿಗೆ ಹೆಣ್ಣು ತೋರಿಸ್ತಿದ್ದೀರಪ್ಪಾ, ಇಷ್ಟು ಸಿಂಗಾರ?"

ಉತ್ತರ ತಿಂಗಳ ಕೊನೆಗೆ ಸಿಕ್ಕಿತು.

"ಇದು ಈಗ ಸಮುದ್ರ ಕಾಣೋ ರೂಮು ಕಣಯ್ಯಾ," ಅಂದ ಧಣಿ. "ನೀವು ತಿಂಗಳಿಗೆ ಕೊಡೋದನ್ನ ಬಂದವರು ಒಂದು ರಾತ್ರಿಗೆ ಕೊಡ್ತಾರೆ. ನಾನೇನು ಮಾಡ್ಲಿ? ಹದಿನೈದು ದಿನದಲ್ಲಿ ಖಾಲಿ ಮಾಡಿ."

"ಧಣಿ, ಗೋಡೆ ಒಡೆದದ್ದು ನಾನು."

"ಚೆನ್ನಾಗೇ ಒಡ್ದಿದೀಯ. ನಾನು ಇಲ್ಲ ಅಂದ್ನಾ?"

ನಮ್ಮವರು ನೆಲ ನೋಡಿದರು. "ಆಯ್ತು," ಅಂದರು. ಎರಡು ದಿನ ನಾನು ಅವರ ಜೊತೆ ಮಾತಾಡಲಿಲ್ಲ.

ಐಸ್ ಫ್ಯಾಕ್ಟರಿಯ ಹಿಂದೆ ತಗಡಿನ ಶೆಡ್ಡು ಸಿಕ್ಕಿತು. ನಾಲ್ಕೂ ಕಡೆ ತಗಡು. ಮಧ್ಯಾಹ್ನ ಕೈ ತಾಗಿಸಿದರೆ ಸುಡುತ್ತಿತ್ತು. ಅತ್ತೆಯ ಕೆಮ್ಮು ಮರಳಿತು, ಈ ಸಲ ಜ್ವರವನ್ನೂ ಕರೆದುಕೊಂಡು. ನಾನು ಕೂಲಿಗೆ ಒಗೆಯುವ ಬಟ್ಟೆಗಂಟಿನಲ್ಲಿ ಈಗ ನಮ್ಮ ಕೋಣೆಯ ಹಾಸುಗಳೂ ಬರುತ್ತಿದ್ದವು. ಕೊಡವಿದರೆ ಮರಳು ಉದುರುತ್ತಿತ್ತು. ಅತ್ತೆಗೆ ಹೇಳಲಿಲ್ಲ.

ಕೊನೆಯ ದಿನ ಅತ್ತೆಗೆ ಎಲ್ಲಿದ್ದೇನೆ ಅನ್ನುವುದೇ ಮರೆತುಹೋಗಿತ್ತು.

"ಲೋ, ಕಿಟಕಿ ಯಾಕೋ ಮುಚ್ಚಿದೀಯ? ತೆಗಿ."

ನಮ್ಮವರು ನನ್ನ ಮುಖ ನೋಡಿದರು. "ಆಯ್ತಮ್ಮ," ಅಂದರು. ಎದ್ದು ಹೋಗಿ, ಬರೀ ತಗಡಿನ ಮುಂದೆ ನಿಂತು, ಇಲ್ಲದ ಚಿಲಕ ಸರಿಸಿ, ಇಲ್ಲದ ಬಾಗಿಲನ್ನು ಎರಡೂ ಕೈಯಿಂದ ತೆರೆದರು.

"ಹಾಂ," ಅಂದರು ಅತ್ತೆ. ಒಂದು ಉಸಿರು ಎಳೆದುಕೊಂಡರು. ಅದನ್ನು ಬಿಟ್ಟದ್ದು ನಮಗೆ ಕಾಣಲಿಲ್ಲ.

ಅದಾಗಿ ಒಂದು ತಿಂಗಳಿಗೆ ಧಣಿ ನಮ್ಮಿಬ್ಬರನ್ನೂ ಸಾಲುಮನೆಗೆ ಕರೆಸಿದ. ಅಂಗಳದಲ್ಲಿ ಐದು ಚೌಕಟ್ಟುಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿದ್ದರು. ಉಳಿದ ಐದು ಕೋಣೆಯವರೂ ಬಾಗಿಲಿಗೆ ಬಂದಿದ್ದರು. ನಮ್ಮ ಪಕ್ಕದ ಕೋಣೆಯಲ್ಲಿದ್ದ ದರ್ಜಿ ಅಕ್ಕ ಕೊರಳಲ್ಲಿ ಟೇಪು ಹಾಕಿಕೊಂಡೇ ನಿಂತಿದ್ದಳು.

"ನಿಮ್ಮಮ್ಮನ ವಿಷಯ ಕೇಳಿ ಬೇಜಾರಾಯ್ತಪ್ಪ," ಅಂದ ಧಣಿ. "ನೋಡು, ನಿನ್ನ ಹಾಗೆ ಸಮ ಕೂರಿಸೋರು ಈ ಊರಲ್ಲಿಲ್ಲ. ಐದೂ ಕಿಟಕಿ ನೀನೇ ಮಾಡು. ಕೂಲಿ ದುಪ್ಪಟ್ಟು. ಹಿಂದಿನ ಸ್ಟೋರ್ ರೂಮಲ್ಲಿ ನೀವಿಬ್ರೂ ಇದ್ಕೊಳ್ಳಿ, ಬಾಡಿಗೆ ಬೇಡ. ಬೇಕಾದ್ರೆ ಅದಕ್ಕೂ ಒಂದು ಪುಟ್ಟ ಕಿಟಕಿ ಇಟ್ಕೊ."

"ನಮ್ಮ ಗೋಡೆ ಯಾಕೆ ಒಡೀತೀರಿ ಧಣಿ?" ಕೇಳಿದಳು ದರ್ಜಿ ಅಕ್ಕ.

"ನಿಮಗೂ ಗಾಳಿ ಬೇಡ್ವೇನಮ್ಮಾ?"

ಅಕ್ಕ ಧಣಿಯನ್ನು ಬಿಟ್ಟು ನಮ್ಮವರ ಮುಖ ನೋಡಿದಳು. ಮಿಕ್ಕವರೂ ನೋಡಿದರು. ನಾನು ಮಾತ್ರ ನೋಡಲಿಲ್ಲ. ಮಳೆ ಶುರುವಾದರೆ ಶೆಡ್ಡಿನೊಳಗೆ ಮೊಣಕಾಲುದ್ದ ನೀರು ನಿಲ್ಲುತ್ತದೆ ಅಂತ ಪಕ್ಕದವರು ಹೇಳಿದ್ದರು. ಸ್ಟೋರ್ ರೂಮಿಗೆ ಹೆಂಚಿನ ಮಾಡು ಇತ್ತು. ನನಗೇ ಗೊತ್ತಿಲ್ಲದೆ ನನ್ನ ತುಟಿ ಆಯ್ತು ಅನ್ನುವ ಮಾತಿಗೆ ಸಿದ್ಧವಾಗಿತ್ತು.

ನಮ್ಮವರು ಅಕ್ಕನ ಕೋಣೆಯೊಳಗೆ ಹೋದರು. ಕಡಲ ಕಡೆಯ ಗೋಡೆಗೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತರು. ಹೊರಗೆ ಬಂದಾಗ ಅಂಗೈಯಲ್ಲಿ ಸುಣ್ಣ ಹತ್ತಿತ್ತು.

"ನಾಳೆನೇ ಶುರು ಮಾಡು," ಅಂದ ಧಣಿ. "ಆಯ್ತಾ, ಆಯ್ತಪ್ಪ?"

"ಆಗಲ್ಲ."

ಧಣಿ ನಕ್ಕ. ಕಿವಿ ಮುಂದೆ ಮಾಡಿದ. "ಏನಂದೆ?"

"ಆಗಲ್ಲ."