ವಾಂತಿ ಆಯ್ತಾ ಅಂತ ಕೇಳುವ ಕೆಲಸ

ಬಿ.ಎಸ್ಸಿ. ಮುಗಿಸಿದ ಮುನಿರತ್ನಮ್ಮ ಬಂಗಾರಪೇಟೆಯಲ್ಲಿ ದಿನಾ ರೈಲು ಹತ್ತಿ ಉರಿಗಾಂ ಕಡೆಯ ಆಸ್ಪತ್ರೆಯೊಂದಕ್ಕೆ ಬರುತ್ತಿದ್ದದ್ದು ಒಂದೇ ಒಂದು ಪ್ರಶ್ನೆ ಕೇಳುವುದಕ್ಕೆ.

ಪ್ರಜ್ಞೆ ತಪ್ಪಿಸಲು ಮೂಗಿಗೆ ಈಥರ್ ಹಿಡಿದು ಹೊಟ್ಟೆ ಕೊಯ್ದ ಹೆಂಗಸರಿಗೆ ಎಚ್ಚರವಾದೊಡನೆ ಕರುಳು ಕಿತ್ತು ಬರುವಂಥ ವಾಂತಿ. ಒಂದೊಂದು ಓಕರಿಕೆಗೂ ಹೊಲಿಗೆ ಜಗ್ಗುತ್ತಿತ್ತು. ಅದನ್ನು ತಡೆಯುವ ಹೊಸ ಔಷಧವೊಂದು ಬಂದಿತ್ತು. ಡಾಕ್ಟರ್ ಆದಿನಾರಾಯಣ ಅರ್ಧ ಜನಕ್ಕೆ ಅದರ ಸೂಜಿ, ಉಳಿದವರಿಗೆ ಬರೀ ಉಪ್ಪುನೀರಿನ ಸೂಜಿ ಹಾಕಿಸಿ ಹೋಲಿಸಿ ನೋಡುತ್ತಿದ್ದರು. ಯಾರಿಗೆ ಯಾವುದು ಎಂದು ಅವರೊಬ್ಬರಿಗೇ ಗೊತ್ತು. ಸಂಜೆ ಮಂಚದಿಂದ ಮಂಚಕ್ಕೆ ಹೋಗಿ "ವಾಂತಿ ಆಯ್ತಾ ಅಮ್ಮ?" ಎಂದು ಕೇಳಿ ಗುರುತು ಹಾಕಿಕೊಳ್ಳುವುದು ಮುನಿರತ್ನಮ್ಮನ ಪಾಲಿಗೆ ಬಂದಿತ್ತು. ಮಾತೇ ಬಾರದಂತಿದ್ದವಳಿಗೆ ಅಷ್ಟಕ್ಕೇ ಬೆವರಿಳಿಯುತ್ತಿತ್ತು.

ಒಂದು ಸಂಜೆ ಬೂದಿಕೋಟೆ ಕಡೆಯ ನರಸಮ್ಮ, "ಇಲ್ಲ ಕಣಮ್ಮಣ್ಣಿ" ಅಂದಳು. ಹಾಗೆನ್ನುತ್ತಲೇ ಒದ್ದೆ ಸೆರಗನ್ನು ಹೊದಿಕೆಯೊಳಕ್ಕೆ ತುರುಕುತ್ತಿದ್ದಳು. ಹುಳಿ ನಾತ ಮೂಗಿಗೆ ಹೊಡೆಯಿತು.

ಮುನಿರತ್ನಮ್ಮ ಬಗ್ಗಿ, "ಆಗಿದೆಯಲ್ಲಮ್ಮ?" ಅಂದಳು.

"ಮೆತ್ತಗೆ ಮಾತಾಡು ತಾಯಿ." ನರಸಮ್ಮ ಆಚೀಚೆ ನೋಡಿದಳು. "ಗಂಡ ಸತ್ತು ಆರು ವರ್ಸ ಆಯ್ತು. ಪಕ್ಕದ ಮಂಚದೋಳು ನಮ್ಮೂರೋಳೇ. ಮುಂಡೇಗೆ ವಾಂತಿಯಂತೆ ಅಂತ ನಾಳೆ ಬಾವಿಕಟ್ಟೆ ಮ್ಯಾಲೆ ಮಾತು ಎದ್ರೆ, ನಿಮ್ಮ ಡಾಕ್ಟ್ರು ಬಂದು ಬಿಡಿಸಿ ಏಳ್ತಾರಾ?"

ಈ ಮೊದಲು "ಇಲ್ಲ" ಅಂದ ಗಂಡನಿಲ್ಲದವರು, ಮದುವೆಯಾಗದವರು ಒಬ್ಬೊಬ್ಬರಾಗಿ ಮುನಿರತ್ನಮ್ಮನ ಕಣ್ಣ ಮುಂದೆ ಬಂದರು.

ಮಾರನೆಯ ದಿನ ಡಾಕ್ಟರ ಕೋಣೆಗೆ ಹೋದರೆ ಅವರು ಆಗಲೇ ಲೆಕ್ಕ ಮುಗಿಸಿ ಕೂತಿದ್ದರು.

"ಆ ಔಷಧಕ್ಕೂ ಉಪ್ಪುನೀರಿಗೂ ಏನೂ ವ್ಯತ್ಯಾಸ ಕಾಣಲ್ಲಮ್ಮ. ಇನ್ನು ತರಿಸೋದು ಬೇಡ ಅಂತ ಬರೆದುಬಿಡ್ತೀನಿ."

"ಬರೀಬೇಡಿ ಸಾರ್." ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು. "ಆ ಉತ್ತರಗಳು ನಿಜ ಅಲ್ಲ."

"ವಾಂತಿ ವಿಷಯದಲ್ಲಿ ಯಾರಾದರೂ ಸುಳ್ಳು ಹೇಳ್ತಾರೇನಮ್ಮ?"

ಗಂಡನಿಲ್ಲದವಳು ಹತ್ತು ಜನರೆದುರು ವಾಂತಿ ಆಯ್ತು ಅಂದರೆ ಊರು ಬಸುರಿ ಎಂದೇ ಎಣಿಸುತ್ತದೆ ಎಂಬುದನ್ನು ಅವಳು ಗೋಡೆ ನೋಡುತ್ತಲೇ ಹೇಳಿದಳು. ಕಿವಿ ಕಾದಿತ್ತು. ಆದರೂ ನಿಲ್ಲಿಸಲಿಲ್ಲ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಮೊದಲಿಂದ ಶುರು ಮಾಡಬೇಕು ಅಂತೀರಿ. ಯಾರು ಮಾಡೋರು? ನಿಮ್ಮ ತಂದೆ ಆಗಲೇ ಗಂಡು ನೋಡ್ತಿದ್ದಾರಂತೆ."

"ನಾನೇ ಮಾಡ್ತೀನಿ ಸಾರ್. ಗಂಡು ಕಾಯಲಿ."

ಅಂದೇ ಬಟ್ಟೆಯ ಪರದೆಯೊಂದನ್ನು ಕೇಳಿ ತರಿಸಿದಳು. "ಒಂದು ಕೇಳ್ವಿಗೆ ಇಷ್ಟು ಬಂದೋಬಸ್ತಾ ಪಾಪಾ?" ಎಂದು ಆಯಾ ಮಾರಿಯಮ್ಮ ನಕ್ಕಳು. ನಗುತ್ತಲೇ ಎಳೆದು ತಂದು ಮಂಚಕ್ಕೆ ಮರೆ ಮಾಡಿದಳು.

ಹೊಸ ಸರದಿಯ ಮೊದಲನೆಯವಳು ಅಕ್ಕಯ್ಯಮ್ಮ. ಅವಳಿಗೂ ಗಂಡನಿಲ್ಲ. ಮುನಿರತ್ನಮ್ಮ ಮಂಚದಂಚಿನಲ್ಲಿ ಕೂತು ಕಿವಿಯ ಹತ್ತಿರ ಹೇಳಿದಳು: "ಮೂಗಿಗೆ ಹಿಡಿದ ಔಷಧದಿಂದ ಕೆಲವರಿಗೆ ವಾಂತಿ ಆಗತ್ತೆ, ಕೆಲವರಿಗೆ ಆಗಲ್ಲ. ನಿಮಗೆ ಹೇಗಮ್ಮ? ಇಲ್ಲಿ ನಾವಿಬ್ಬರೇ ಇರೋದು."

ಅಕ್ಕಯ್ಯಮ್ಮ ಪರದೆಯನ್ನೊಮ್ಮೆ, ಅವಳನ್ನೊಮ್ಮೆ ನೋಡಿದಳು.

"ನಿಮ್ಮ ಸೂಜಿ ಮನೆ ಆಳಾಗ," ಎಂದು ಪಿಸುಗುಟ್ಟಿದಳು. "ನನ್ನ ಮದ್ವೇಲಿ ತಿಂದಿದ್ದೂ ಈಚೆ ಬಂತು ಕಣೇ."

ಮುನಿರತ್ನಮ್ಮ ಗುರುತು ಹಾಕಿಕೊಂಡಳು. ಅವಳ ಬಾಯಿ ಒರೆಸಿ, ಸೆರಗು ಸರಿಮಾಡಿ, ಪರದೆಯನ್ನು ಮುಂದಿನ ಮಂಚಕ್ಕೆ ತಾನೇ ಎಳೆದುಕೊಂಡು ಹೊರಟಳು.