ಬೇರೆ ದಡಿಯ ಲಿನಕ್ಸ್

ಹೊಸ ಇಳಕಲ್ ಸೀರೆಯ ಮಡಿಕೆ ಬಿಚ್ಚಿದಾಗ ಬರುವ ಗಂಜಿಯ ವಾಸನೆ ನನ್ನನ್ನು ಈಗಲೂ ಬಬಲೇಶ್ವರದ ತವರುಮನೆಯ ಪಡಸಾಲೆಗೆ ಒಯ್ಯುತ್ತದೆ. ಅವ್ವ ಮತ್ತು ಚಿಕ್ಕವ್ವ ಎದುರುಬದುರು ಕುಳಿತು ಸೀರೆ ಆರಿಸುತ್ತಿದ್ದರು. ಒಂದು ಮನೆಯ ಅಣ್ಣತಮ್ಮಂದಿರ ಹೆಂಡಿರು, ಅಂದರೆ ನೆಗೆಣ್ಣಿಯರು, ಒಂದೇ ದಡಿಯ, ಒಂದೇ ಅಂಚಿನ ಸೀರೆ ಉಡಬಾರದು ಎಂಬುದು ನಮ್ಮ ಮನೆತನದ ರೂಢಿ. ಚಿಕ್ಕವ್ವ ಮೊದಲು ಕೈ ಹಾಕಿದ ದಡಿಯನ್ನು ಅವ್ವ ಎಷ್ಟೇ ಇಷ್ಟಪಟ್ಟರೂ ಬಿಟ್ಟುಬಿಡುತ್ತಿದ್ದಳು.

ಟಿಕೋಟಾಕ್ಕೆ ಸೊಸೆಯಾಗಿ ಬಂದ ಮೇಲೆ ನಾನೂ ನೆಗೆಣ್ಣಿ ನೀಲಾಬಾಯಿಯೊಂದಿಗೆ ಹಾಗೆಯೇ ನಡೆದುಕೊಂಡೆ. ಸೀರೆ, ಮಿಕ್ಸರ್, ಬಾಗಿಲಿನ ಪರದೆ, ಯಾವುದೂ ಅವಳದರಂತೆ ಇರಬಾರದು. ಬರವಣಿಗೆಯಲ್ಲಿ ಮಾತ್ರ ಅವಳು ನನಗೆ ಸಾಟಿ ಇರಲಿಲ್ಲ. ನಾನು ಬಿ.ಎ. ಮುಗಿಸಿದವಳು, ಅವಳು ಏಳನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಮಹಿಳಾ ಸಂಘದ ಠರಾವು, ಪತ್ರ, ವರದಿ ಎಲ್ಲವೂ ಹದಿನೆಂಟು ವರ್ಷದಿಂದ ನನ್ನ ಕೈಬರಹದಲ್ಲೇ ಇವೆ.

ಈ ವರ್ಷ ಸಂಘವು ಅಡುಗೆಯ ಪುಸ್ತಕ ಅಚ್ಚು ಹಾಕಿಸಲು ಹೊರಟಿತು. ಕೈಬರಹ ನಡೆಯದು, ಟೈಪ್ ಮಾಡಿ ಕೊಡಿ ಎಂದರು ಮುದ್ರಕರು. ನನ್ನ ಹಳೆಯ ಲ್ಯಾಪ್‌ಟಾಪ್ ಹೊಸ ವಿಂಡೋಸನ್ನು ತಾಳುವಂತಿರಲಿಲ್ಲ.

"ನನ್ನದೂ ಹಳೇದ ಐತ್ರಿ, ವಿಂಡೋಸ್ ತಗದು ಲಿನಕ್ಸ್ ಹಾಕಿಸೀನಿ. ಈಗ ಕುದುರಿ ಓಡಿದಂಗ ಓಡತೈತಿ," ಎಂದಳು ನೀಲಾಬಾಯಿ, ತುಂಬಿದ ಸಭೆಯಲ್ಲಿ.

"ಹಂಗಾದ್ರ ಹುಣ್ಣಿವಿ ಒಳಗ ನಿಮ್ಮ ಮಷೀನ್ ಚಾಲೂ ಆದ್ರ ನೀವ ಬರೀರಿ, ಇಲ್ಲಂದ್ರ ನೀಲಾಬಾಯಿ ಬರೀಲಿ," ಎಂದು ಅಧ್ಯಕ್ಷೆ ಮುರಿಗೆವ್ವ ಮುಗಿಸಿಬಿಟ್ಟಳು. ಹುಣ್ಣಿಮೆಗೆ ಉಳಿದಿದ್ದು ಐದು ದಿನ. ಹದಿನೆಂಟು ವರ್ಷದ ಲೇಖನಿ ನನ್ನ ಕೈಯಿಂದ ಜಾರುತ್ತಿತ್ತು. 

ಮರುದಿನವೇ ಲ್ಯಾಪ್‌ಟಾಪ್ ಹೊತ್ತು ವಿಜಯಪುರಕ್ಕೆ ಹೋದೆ. ಸೊಲ್ಲಾಪುರ ರಸ್ತೆಯಲ್ಲಿ ರಸೂಲಸಾಬರ ರಿಪೇರಿ ಅಂಗಡಿ. ನನ್ನ ಬೆವರು ನೋಡಿ ತಮ್ಮ ಕಡೆಗಿದ್ದ ಫ್ಯಾನನ್ನು ನನ್ನತ್ತ ತಿರುಗಿಸಿದರು.

"ಲಿನಕ್ಸ್‌ನ್ಯಾಗ ಬಾಳ ತರಾ ಅದಾವ್ರಿ ಅಕ್ಕಾರ. ಹೊಸಬರಿಗೆ ಮಿಂಟ್ ಛಲೋ. ಪೆನ್‌ಡ್ರೈವ್‌ಲೇ ಮೊದಲ ನೋಡ್ರಿ, ಮನಸಿಗೆ ಬಂದ್ರ ಹಾಕ್ಕೋರಿ."

"ನೀಲಾಬಾಯಿಗೆ ಯಾವದ ಕೊಟ್ಟೀರಿ?"

"ಅದ, ಮಿಂಟ್."

"ನನಗ ಅದು ಬ್ಯಾಡ. ಅದಕಿಂತ ದೊಡ್ಡದು ಯಾವದೈತಿ?"

ಅವರು ತಲೆ ಕೆರೆದುಕೊಂಡರು. "ಆರ್ಚ್ ಅಂತ ಐತ್ರಿ. ಬಲ್ಲವರು ಬಳಸೂದು. ಎಲ್ಲಾ ನಾವ ಕಟ್ಟಿಕೋಬೇಕು, ಗ್ವಾಡಿ, ಛಾವಣಿ, ಬಾಗಲಾ ಸೈತ. ನಿಮಗ ಬ್ಯಾಡ್ರಿ."

'ನಿಮಗ ಬ್ಯಾಡ' ಎಂದದ್ದೇ ಸಾಕಾಯಿತು. ಅದನ್ನೇ ಪೆನ್‌ಡ್ರೈವಿಗೆ ಹಾಕಿಸಿಕೊಂಡೆ. ಪೆನ್‌ಡ್ರೈವ್ ಚುಚ್ಚಿ ಯಾವ ಗುಂಡಿ ಒತ್ತಬೇಕೆಂಬುದನ್ನು ರಸೂಲಸಾಬರು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟರು. ಕನ್ನಡಕ ಹಾಕಿದ ನನಗೆ ಸಣ್ಣ ಅಕ್ಷರ ತ್ರಾಸು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮನೆಯಲ್ಲಿ ಚಾಲೂ ಮಾಡಿದರೆ ಕಪ್ಪು ಪರದೆ. ಮೇಲೆ ಬಿಳಿ ಅಕ್ಷರದ ಒಂದೆರಡು ಸಾಲು, ಅವುಗಳ ಕೆಳಗೆ ಮಿಣುಕುವ ಒಂದು ಗೆರೆ. ಚಿತ್ರವಿಲ್ಲ, ಬಾಣವಿಲ್ಲ. ಏನಾದರೂ ಬರೆ ಎಂದು ಅದು ಕಾಯುತ್ತಿತ್ತು. ಏನು ಬರೆಯಬೇಕೆಂದು ಬಿ.ಎ. ಓದಿದ ನನಗೆ ತಿಳಿಯಲಿಲ್ಲ. ಮೂರು ದಿನ ಕೂತೆ. ಯಾರಾದರೂ ಬಂದರೆ ಮೇಲೆ ಟವೆಲ್ ಹೊದಿಸುತ್ತಿದ್ದೆ.

ಹುಣ್ಣಿಮೆಯ ಹಿಂದಿನ ದಿನ ನೀಲಾಬಾಯಿ ಒಳಗೆ ಬಂದವಳು ನೆಟ್ಟಗೆ ಟವೆಲ್ ಎತ್ತಿದಳು.

"ಇದೇನ್ರಿ ಅಕ್ಕಾರ, ರೊಟ್ಟಿ ಹಂಚು ಇಟ್ಟಂಗ ಕರ್ರಗ ಐತಿ?"

"ಬಲ್ಲವರದು ಬೇ. ನಿನಗ ತಿಳಿಯಂಗಿಲ್ಲ."

"ನಿಮಗ ತಿಳಿದೈತೇನ್ರಿ?"

ನಾನು ಅವಳ ಕೈಯಿಂದ ಟವೆಲ್ ಇಸಿದುಕೊಂಡು ಮಡಚಿದೆ. ಅವಳು ನಗುತ್ತಾಳೆಂದು ಕಾದೆ, ನಗಲಿಲ್ಲ. ಪಕ್ಕದಲ್ಲಿ ಕೂತಳು.

"ಸಭಾದಾಗ ನಾ ಯಾಕ ಮುಂದ ಬಿದ್ದೆ ಗೊತ್ತೇನ್ರಿ? ನಿಮ್ಮ ಮುತ್ತಿನಂಥಾ ಅಕ್ಷರ ನೋಡಿ ನೋಡಿ ಹದಿನೆಂಟ ವರ್ಷ ಹೊಟ್ಟಿ ಉರಕೊಂಡೀನಿ. ಮಷೀನ್‌ನ್ಯಾಗ ಬರದ್ರ ಎಲ್ಲಾರ ಅಕ್ಷರಾನೂ ಒಂದ. ಅದಕ್ಕ."

ಇಷ್ಟು ವರ್ಷ ಉರಿಯುತ್ತಿದ್ದದ್ದು ನನ್ನ ಮನೆಯ ಒಲೆಯೊಂದೇ ಎಂದುಕೊಂಡಿದ್ದೆ.

ಅವಳು ಸೆರಗಿನ ಗಂಟಿನಿಂದ ತನ್ನ ಮಿಂಟಿನ ಪೆನ್‌ಡ್ರೈವ್ ಬಿಚ್ಚಿ ಮುಂದಿಟ್ಟಳು. "ಹಾಕ್ಕೋರಿ. ಅರ್ಧಾ ನೀವ ಬರೀರಿ, ಅರ್ಧಾ ನಾ. ಪೂರಾ ಮಾತ್ರ ಬಿಟ್ಟುಕೊಡಂಗಿಲ್ಲ ನೋಡ್ರಿ."

ಅವ್ವ ಆಗಿದ್ದರೆ ಮುಟ್ಟುತ್ತಿರಲಿಲ್ಲ. ನಾನು ತೆಗೆದುಕೊಂಡು ಚುಚ್ಚಿದೆ. ಅವಳ ಪರದೆಯಲ್ಲಿದ್ದ ಹಾಗೆಯೇ ನನ್ನದರಲ್ಲೂ ಮಿಂಟಿನ ಹಸಿರು ಗುರುತು ಮೂಡಿತು. ಕನ್ನಡ ಕೀಲಿಮಣೆ ಎಲ್ಲಿದೆ ಎಂದು ಅವಳೇ ಬೆರಳಿಟ್ಟು ತೋರಿಸಿದಳು. ಅಷ್ಟು ಬೇಗ ಅವಳ ಬೆರಳು ಓಡಿದ್ದು ನೋಡಿ ಕೀಲಿಮಣೆಯನ್ನು ನನ್ನತ್ತ ಎಳೆದುಕೊಂಡೆ.

ಪುಸ್ತಕದ ಮೊದಲ ಅಡುಗೆ ಎಣ್ಣಿಗಾಯಿ. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ ಮಧ್ಯಾಹ್ನ ದಾಟಿದ್ದು ತಿಳಿಯಲಿಲ್ಲ. ನೀಲಾಬಾಯಿ ಯಾವಾಗ ಎದ್ದು ಅಡುಗೆಮನೆಗೆ ಹೋದಳೋ, ಅದೂ ತಿಳಿಯಲಿಲ್ಲ. ಎರಡು ಬಿಸಿ ರೊಟ್ಟಿ, ಝುಣಕ, ಶೇಂಗಾ ಹಿಂಡಿ, ಮೊಸರು ಇದ್ದ ತಾಟನ್ನು ಅವಳು ನನ್ನ ಕೈಗೆ ಕೊಟ್ಟಳು.